ಜರಡಿ ಹಿಡಿದು ಕ್ಲಾಸಿಗೆ ಹೋದೆ

ನಾನು ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುತ್ತೇನೆ. ಸೆಕೆಂಡ್ ಪಿಯುನ ಎವಲ್ಯೂಷನ್ (ಜೀವವಿಕಾಸ) ಅಧ್ಯಾಯವನ್ನು ಮೊದಲ ಕೆಲವು ವರ್ಷ ಎಲ್ಲರ ಹಾಗೆ ಓಡಿಸಿಬಿಡುತ್ತಿದ್ದೆ. ಡಾರ್ವಿನ್, ಫಿಂಚ್ ಹಕ್ಕಿಗಳು, ಇಂಗ್ಲೆಂಡಿನ ಕಪ್ಪು ಪತಂಗ, ಮುಗೀತು. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ಉಳಿಯೋದು ಯಾರು? ಯೋಗ್ಯರು. ಯೋಗ್ಯರು ಯಾರು? ಉಳಿದವರು. ಹಾಗಾದ್ರೆ ಇದರಲ್ಲಿ ಹೇಳಿದ್ದೇನು ಬಂತು?" ಇಡೀ ಕ್ಲಾಸ್ ನಕ್ಕಿತು, ನಾನೂ ನಕ್ಕೆ, ಅಷ್ಟರಲ್ಲಿ ಬೆಲ್ ಹೊಡೆಯಿತು. ಬಚಾವಾದೆ.

ಮನೆಗೆ ಬಂದು ಓದಿದಾಗ ಗೊತ್ತಾಯಿತು, ಈ ತಕರಾರು ತುಂಬಾ ಹಳೆಯದು. ಕಾರ್ಲ್ ಪಾಪರ್ ಅಂಥ ದೊಡ್ಡ ಫಿಲಾಸಫರ್ ಕೂಡ 1974ರಲ್ಲಿ ಡಾರ್ವಿನ್ ವಾದ ಪರೀಕ್ಷಿಸಿ ನೋಡುವಂಥ ಸಿದ್ಧಾಂತವೇ ಅಲ್ಲ ಅಂದಿದ್ದರು. 1977ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಮಾತಾಡುವಾಗ ಆ ಮಾತನ್ನು ವಾಪಸ್ ತಗೊಂಡರು. ಅಂದಹಾಗೆ 'ಯೋಗ್ಯರ ಉಳಿವು' ಅನ್ನೋ ಮಾತು ಡಾರ್ವಿನ್‌ನದಲ್ಲ, ಇಂಗ್ಲೆಂಡಿನ ಫಿಲಾಸಫರ್ ಹರ್ಬರ್ಟ್ ಸ್ಪೆನ್ಸರ್ 1864ರಲ್ಲಿ ಬಳಸಿದ್ದು. ಡಾರ್ವಿನ್ ತನ್ನ ಪುಸ್ತಕಕ್ಕೆ ಅದನ್ನು ಸೇರಿಸಿಕೊಂಡಿದ್ದು 1869ರ ಐದನೇ ಆವೃತ್ತಿಯಲ್ಲಿ. ಸೇರಿಸದೇ ಇದ್ದಿದ್ದರೆ ನನಗೆ ಈ ತಲೆನೋವು ಇರುತ್ತಿರಲಿಲ್ಲ!

ಮರುದಿನ ಡಬ್ಬಿಯಲ್ಲಿ ಒಂದು ಚೂರು ಬೆಲ್ಲ ಹಾಕಿಕೊಂಡು ಹೋದೆ. "ಇದು ನೀರಲ್ಲಿ ಕರಗುತ್ತಾ?" ಕರಗುತ್ತೆ ಅಂದರು. "ಇನ್ನೂ ನೀರಿಗೇ ಹಾಕಿಲ್ಲವಲ್ಲ?" ಹಾಕದಿದ್ದರೂ ಬೆಲ್ಲಕ್ಕೆ ಆ ಗುಣ ಇದ್ದೇ ಇದೆ. ಫಿಟ್‌ನೆಸ್, ಅಂದರೆ ಯೋಗ್ಯತೆ, ಕೂಡ ಹಾಗೆ. ಆ ಪರಿಸರದಲ್ಲಿ ಉಳಿದು ಮರಿ ಮಾಡುವ ಸಾಧ್ಯತೆ ಎಷ್ಟು ಅನ್ನೋದು ಫಿಟ್‌ನೆಸ್, ಎಷ್ಟು ಮರಿ ಹುಟ್ಟಿದವು ಅನ್ನೋ ಲೆಕ್ಕ ಅಲ್ಲ. ಅಚ್ಚು ಒಂದೇ ಥರದ ಅವಳಿಗಳಲ್ಲಿ ಒಬ್ಬನಿಗೆ ಸಿಡಿಲು ಹೊಡೆಯಿತು ಅಂದುಕೊಳ್ಳಿ. ಉಳಿದವನು ಜಾಸ್ತಿ ಯೋಗ್ಯನೇನಲ್ಲ, ಅದೃಷ್ಟವಂತ ಅಷ್ಟೇ. 1970ರ ದಶಕದ ಕೊನೆಯಲ್ಲಿ ಕೆಲವು ಫಿಲಾಸಫರ್‌ಗಳು ಕೊಟ್ಟ ಉತ್ತರ ಇದು. ಹುಡುಗ ಅರ್ಧ ಒಪ್ಪಿದ.

ಆದರೆ ನನಗೆ ನಿಜವಾಗಿ ರುಚಿ ಹತ್ತಿದ್ದು ಎಲಿಯಟ್ ಸೋಬರ್ ಅನ್ನೋ ಅಮೆರಿಕದ ಫಿಲಾಸಫರ್‌ನ 1984ರ ಪುಸ್ತಕ ನೋಡಿದ ಮೇಲೆ. ಅದರಲ್ಲಿ ಮಕ್ಕಳ ಆಟಿಕೆಯೊಂದು ಬರುತ್ತದೆ. ತೂತುಗಳಿರುವ ಅಂತಸ್ತುಗಳು, ಬೇರೆ ಬೇರೆ ಅಳತೆಯ ಬಣ್ಣದ ಗುಂಡುಗಳು. ಅಲ್ಲಾಡಿಸಿದರೆ ಎಲ್ಲಕ್ಕಿಂತ ಸಣ್ಣವು ತಳಕ್ಕೆ ಬೀಳುತ್ತವೆ, ಮತ್ತು ಅವೆಲ್ಲ ಹಸಿರು. ಇದಕ್ಕೆ ಆಟಿಕೆ ಯಾಕೆ, ಜರಡಿ ಸಾಕಲ್ವಾ? "ಕಾಲೇಜಿಗೆ ಜರಡಿ ಯಾಕಮ್ಮ?" ಅಂದರು ಅತ್ತೆ. ಮೊದಲ ಸಲ ಹಿಟ್ಟಿನ ಜರಡಿ ತಗೊಂಡು ಹೋಗಿ ಪೇಚಿಗೆ ಸಿಕ್ಕಿಕೊಂಡೆ, ಒಂದು ಸಾಸಿವೆಯೂ ಇಳಿಯಲಿಲ್ಲ. ಎರಡನೇ ಸಲ ದೊಡ್ಡ ಕಣ್ಣಿನದು ಒಯ್ದೆ. ಸಾಸಿವೆ, ಹೆಸರುಕಾಳು, ಕಡಲೆ ಬೆರೆಸಿ ಜಾಲಿಸಿದೆ. ಕೆಳಗೆ ಬರೀ ಕಪ್ಪು. "ಜರಡಿ ಆರಿಸಿದ್ದು ಏನನ್ನ?" ಅರ್ಧ ಜನ ಕಪ್ಪನ್ನ ಅಂದರು. ಆಗ ಸಿಪ್ಪೆ ಇರುವ ಕಪ್ಪು ಉದ್ದಿನಕಾಳನ್ನೂ ಬಿಳಿ ಎಳ್ಳನ್ನೂ ಸುರಿದೆ. ಉದ್ದು ಮೇಲೇ ಉಳಿಯಿತು, ಎಳ್ಳು ಇಳಿಯಿತು. ಇಳಿದದ್ದು ಕಪ್ಪು ಕಾಳೇ ಇರಬಹುದು, ಇಳಿಸಿದ ಕಾರಣ ಮಾತ್ರ ಅಳತೆ. ಈ ಎರಡನ್ನು ಬಿಡಿಸಿ ನೋಡೋದೇ ಬಯಾಲಜಿಯಲ್ಲಿ ವಿವರಣೆ ಕೊಡುವವರ ಅರ್ಧ ಕೆಲಸ.

ಪತಂಗದ ಕತೆಯನ್ನು ಈಗ ಇದಾದ ಮೇಲೇ ಹೇಳುತ್ತೇನೆ. ಮಸಿ ಹಿಡಿದ ಮರದ ಮೇಲೆ ಕಪ್ಪು ಪತಂಗ ಹಕ್ಕಿಯ ಕಣ್ಣಿಗೆ ಬೀಳಲ್ಲ ಅನ್ನೋದು ಆ ಕತೆ. ಹೊಗೆ ಹಿಡಿದ ಊರುಗಳಲ್ಲಿ ಕಪ್ಪು ಪತಂಗ ಹೆಚ್ಚಾದವು ಅಂದಮಾತ್ರಕ್ಕೆ ಬಣ್ಣವೇ ಕಾರಣ ಅಂತ ಆಗಲ್ಲ. ಹಕ್ಕಿಗಳು ನಿಜಕ್ಕೂ ಬಣ್ಣ ನೋಡಿ ತಿನ್ನುತ್ತವಾ ಅಂತ ನೋಡಬೇಕು. 1950ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಕೆಟಲ್‌ವೆಲ್ ಮಾಡಿದ ಪ್ರಯೋಗಕ್ಕೆ ತಕರಾರು ಬಂದವು, ಪತಂಗಗಳನ್ನು ತಾನೇ ಮರದ ಕಾಂಡದ ಮೇಲೆ ಕೂರಿಸಿದ್ದ ಅಂತ. ಆಮೇಲೆ ಮೈಕೆಲ್ ಮೆಜೆರಸ್ ಅನ್ನೋ ವಿಜ್ಞಾನಿ 2001ರಿಂದ 2007ರವರೆಗೆ ಕೇಂಬ್ರಿಡ್ಜ್ ಹತ್ತಿರ ಸುಮಾರು 5,000 ಪತಂಗ ಬಿಟ್ಟು ಎಲ್ಲ ಮತ್ತೆ ನೋಡಿದ. ಗಾಳಿ ಶುಚಿಯಾಗಿ ಮರಗಳ ಮಸಿ ಹೋಗಿದ್ದ ಕಾಲ ಅದು. ಕಪ್ಪಿನವನ್ನೇ ಹಕ್ಕಿಗಳು ಜಾಸ್ತಿ ಹಿಡಿದವು.

ಇಷ್ಟರಲ್ಲಿ ನಿಲ್ಲಿಸಬಹುದಿತ್ತು. ಆದರೆ ಸೋಬರ್‌ನದೇ ಇನ್ನೊಂದು ವಾದ ನನ್ನನ್ನು ಬಿಡಲಿಲ್ಲ. ಅವನದು ಮಕ್ಕಳ ಓದುವ ಪರೀಕ್ಷೆಯ ಉದಾಹರಣೆ, ನಾನು ಅದನ್ನು ಕಾಲೇಜು ಸೀಟಿನ ಉದಾಹರಣೆ ಮಾಡಿಕೊಂಡೆ. ಒಂದು ಕಾಲೇಜು 90 ಪರ್ಸೆಂಟ್ ಕಟ್-ಆಫ್ ಇಟ್ಟಿದೆ ಅನ್ನಿ. ಅಲ್ಲಿನ ಕ್ಲಾಸಿನಲ್ಲಿ ಎಲ್ಲರೂ ತೊಂಬತ್ತರ ಮೇಲೆ ಯಾಕೆ? ಕಟ್-ಆಫ್‌ನಿಂದ. ಸರಿ, ಮುಂದಿನ ಬೆಂಚಿನ ಈ ಹುಡುಗಿಗೆ 94 ಯಾಕೆ ಬಂತು? ಅದಕ್ಕೆ ಕಟ್-ಆಫ್ ಕಾರಣ ಅಲ್ಲ, ಅವಳು ಓದಿದ್ದಕ್ಕೆ ಬಂತು. ಹಾಗೇ ನಿಸರ್ಗದ ಆಯ್ಕೆ (ಯೋಗ್ಯರು ಉಳಿದು ಉಳಿದವರು ಅಳಿಯೋದು) ಗುಂಪು ಯಾಕೆ ಹೀಗಿದೆ ಅಂತ ಹೇಳುತ್ತದೆ, ಒಂದೊಂದು ಜೀವಿಗೆ ಆ ಗುಣ ಹೇಗೆ ಬಂತು ಅಂತ ಹೇಳಲ್ಲ.

ಇದರಿಂದ ನನಗೆ ತಕ್ಷಣ ಲಾಭವಾಯಿತು. "ಔಷಧಿಯಿಂದ ತಪ್ಪಿಸಿಕೊಳ್ಳೋಕೆ ಬ್ಯಾಕ್ಟೀರಿಯಾ ಬದಲಾಯಿತು" ಅಂತ ಪ್ರತಿ ವರ್ಷ ಬರೆಯುತ್ತಾರಲ್ಲ, ಅದಕ್ಕೆ ಈಗ ಒಂದೇ ಮಾತು: "ಕಟ್-ಆಫ್ ಮಾರ್ಕ್ಸ್ ಕೊಡುತ್ತಾ?" 1952ರಲ್ಲಿ ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ಅನ್ನೋ ವಿಜ್ಞಾನಿ ದಂಪತಿ ವೆಲ್ವೆಟ್ ಬಟ್ಟೆಯಿಂದ ಬ್ಯಾಕ್ಟೀರಿಯಾ ಕಾಲೊನಿಗಳನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಸ್ಟಾಂಪ್ ಒತ್ತಿದ ಹಾಗೆ ಒತ್ತಿ, ಔಷಧಿಯನ್ನು ತಡೆದುಕೊಳ್ಳುವ ಬ್ಯಾಕ್ಟೀರಿಯಾ ಅದು ಸೋಕುವ ಮೊದಲೇ ಇದ್ದವು ಅಂತ ತೋರಿಸಿದರು. ಆಮೇಲಿಂದ ಉತ್ತರಪತ್ರಿಕೆಯಲ್ಲಿ ಆ ತಪ್ಪು ಎಷ್ಟೋ ಕಡಿಮೆಯಾಯಿತು.

ಹೋದ ವರ್ಷ ಒಬ್ಬಳು ನನ್ನ ಕಟ್-ಆಫ್ ಉದಾಹರಣೆಯನ್ನೇ ಹಿಡಿದು ನಿಲ್ಲಿಸಿದಳು. "ಮೇಡಂ, ಸೀಟು ಸಿಕ್ಕಿದವರು ಮುಂದಿನ ಬ್ಯಾಚಿನವರಿಗೆ ಅಪ್ಪ ಅಮ್ಮ ಆಗಲ್ಲವಲ್ಲ. ಪ್ರಾಣಿಗಳಲ್ಲಿ ಆಗ್ತಾರೆ." ನನಗೆ ಮೈ ಜುಮ್ಮೆಂದಿತು. ಆಸ್ಟ್ರೇಲಿಯಾದ ಫಿಲಾಸಫರ್ ಕ್ಯಾರನ್ ನಿಯಾಂಡರ್ ಸೋಬರ್‌ಗೆ ಕೊಟ್ಟ ಉತ್ತರ ಹತ್ತಿರ ಹತ್ತಿರ ಇದೇ. ಕಣ್ಣಿನಂಥದ್ದು ಒಂದೇ ಸಲಕ್ಕೆ ಆಗಲ್ಲ. ಒಂದು ಹಂತದವರ ಸಂಖ್ಯೆ ಬೆಳೆದರೆ ತಾನೇ ಅವರಲ್ಲೊಬ್ಬರಿಗೆ ಮುಂದಿನ ಬದಲಾವಣೆ ಬರುವ ಅವಕಾಶ ಹೆಚ್ಚೋದು? ಅಂದಮೇಲೆ ಗುಣ ಹುಟ್ಟುವುದರಲ್ಲೂ ಆಯ್ಕೆಯ ಕೈ ಇದೆ. ಔಷಧಿ ತಡೆದುಕೊಳ್ಳುವಂಥ ಒಂದೇ ಹೆಜ್ಜೆಯ ವಿಷಯಕ್ಕೆ ನಾನು ಸೋಬರ್ ಕಡೆ, ಕಣ್ಣಿನಂಥದ್ದಕ್ಕೆ ನಿಯಾಂಡರ್ ಕಡೆ, ಅಂದೆ. ಅವಳು ಸ್ವಲ್ಪ ಯೋಚಿಸಿ, "ಆದ್ರೂ ನನಗೆ ನನ್ನ ಕಣ್ಣು ಬಂದಿದ್ದು ನಮ್ಮಪ್ಪ ಅಮ್ಮನಿಂದಲೇ ಅಲ್ವಾ ಮೇಡಂ?" ಅಂತ ಸೋಬರ್ ಕಡೆಗೇ ಹಾರಿದಳು. ಐದು ನಿಮಿಷದಲ್ಲಿ ಎರಡೂ ಪಕ್ಷದಲ್ಲಿ ಆಡಿಬಿಟ್ಟಳು. ಬಾಗಿಲಲ್ಲಿ ಫಿಸಿಕ್ಸ್‌ನವರು ಗಡಿಯಾರ ನೋಡುತ್ತಾ ನಿಂತಿದ್ದರು, ನೆಲದ ತುಂಬಾ ಸಾಸಿವೆ.