ಬೆಳೆಯುವ ಮಗುವನ್ನು ಎತ್ತುವುದು ಹೇಗೆ? ಸಾಧನ ಆರಿಸುವ ಮುನ್ನ, ಆರಿಸಿದ ಮೇಲೆ

ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಮೈಯ ಚಲನೆಯ ಹಿಡಿತ ತಪ್ಪುವ ಸ್ಥಿತಿ) ಇರುವ ಮಗುವನ್ನು ಪುಟ್ಟದಿರುವಾಗ ಸೊಂಟದ ಮೇಲೆ ಕೂರಿಸಿಕೊಂಡೇ ದಿನ ಕಳೆಯಬಹುದು. ತೂಕ 20–25 ಕಿಲೋ ತಲುಪುವ ಹೊತ್ತಿಗೆ ಅಮ್ಮನ ನಡು ಹಿಡಿದಿರುತ್ತದೆ. ಎತ್ತಲು ನೆರವಾಗುವ ಸಾಧನ ಮನೆಗೆ ಬರಬೇಕಾದದ್ದು ಅದಕ್ಕೂ ಮೊದಲೇ.

ಮಗುವನ್ನು ದಿನಕ್ಕೆ ಎಲ್ಲೆಲ್ಲಿ ಎತ್ತುತ್ತೀರಿ ಎಂದು ಮೊದಲು ಬರೆದಿಡಿ: ಮಂಚದಿಂದ ಗಾಲಿಕುರ್ಚಿಗೆ, ಅಲ್ಲಿಂದ ಬಚ್ಚಲಿಗೆ, ಜಗಲಿಯ ಮೆಟ್ಟಿಲಿಳಿದು ರಿಕ್ಷಾಕ್ಕೆ. ಈ ಪಟ್ಟಿಯನ್ನು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಅವರನ್ನು ಕೇಳದೆ ಏನನ್ನೂ ಕೊಳ್ಳಬೇಡಿ.

ಕಾಲಿನ ಮೇಲೆ ಸ್ವಲ್ಪ ಭಾರ ಹಾಕಬಲ್ಲ ಮಗುವಿಗೆ ಸೊಂಟಕ್ಕೆ ಕಟ್ಟುವ ಟ್ರಾನ್ಸ್‌ಫರ್ ಬೆಲ್ಟ್ ಸಾಕಾಗಬಹುದು. ಅದು ಆಧಾರಕ್ಕೆ ಮಾತ್ರ, ಬೆಲ್ಟ್ ಹಿಡಿದು ಮೇಲೆತ್ತಬಾರದು. ಕಂಕುಳಿಗೆ ಕೈಹಾಕಿ ಎಳೆಯುವುದಂತೂ ಬೇಡವೇ ಬೇಡ, ಭುಜದ ಕೀಲಿಗೆ ಪೆಟ್ಟಾಗುತ್ತದೆ. ಕುಳಿತು ಸಮತೋಲನ ಕಾಯ್ದುಕೊಳ್ಳುವ ಮಗುವಿಗೆ ಜಾರುವ ಹಲಗೆ ಒಳ್ಳೆಯದು. ಕುರ್ಚಿಯನ್ನು ಮಂಚಕ್ಕೆ ತಾಗಿಸಿ, ಬ್ರೇಕ್ ಹಾಕಿ, ಆ ಬದಿಯ ಕೈಯಾಸರೆ ತೆಗೆದು, ಮಗು ಜಾರಿ ದಾಟುವಂತೆ ಎರಡರ ನಡುವೆ ಹಲಗೆ ಇಡಿ. ನಮ್ಮ ಕರಾವಳಿಯ ಸೆಖೆಗೆ ಬೆವರಿದ ಚರ್ಮ ಹಲಗೆಗೆ ಅಂಟಿ ತರಚುತ್ತದೆ. ಹಲಗೆಗೂ ಮೈಗೂ ನಡುವೆ ಬಟ್ಟೆ ಇರಲಿ.

ಇವೆರಡೂ ಆಗದ ಮಗುವಿಗೆ ಬೇಕಾದದ್ದು ಹೊಯ್ಸ್ಟ್, ಅಂದರೆ ಜೋಲಿಯಲ್ಲಿ ಎತ್ತುವ ಗಾಲಿಯ ಯಂತ್ರ. ಇದರ ಕಾಲುಗಳು ಮಂಚದ ಅಡಿಗೆ ಹೋಗಬೇಕು. ಕೆಳಗೆ ಪೆಟ್ಟಿಗೆಯಿರುವ ದಿವಾನ ಮಂಚವಾದರೆ ಯಂತ್ರ ಬಂದರೂ ಮೂಲೆ ಸೇರುತ್ತದೆ. ಹಳೆಯ ಹೆಂಚಿನ ಮನೆಗಳ ಎತ್ತರದ ಹೊಸ್ತಿಲು ಇನ್ನೊಂದು ತಡೆ. ಹಾಗಾಗಿ ಮಂಚದಡಿಯ ಜಾಗ, ಬಾಗಿಲ ಅಗಲ, ಹೊಸ್ತಿಲ ಎತ್ತರ ಅಳೆದುಕೊಂಡೇ ಅಂಗಡಿಗೆ ಹೋಗಿ.

ಕುತ್ತಿಗೆ ನಿಲ್ಲದ ಮಗುವಿಗೆ ತಲೆಗೂ ಆಸರೆ ಕೊಡುವ ಜೋಲಿಯೇ ಬೇಕು, ಅದೂ ಮಗುವಿನ ಅಳತೆಯದು. ಪ್ರತಿ ಸಲವೂ ಹೊಲಿಗೆ, ಪಟ್ಟಿ, ಕೊಕ್ಕೆಗಳನ್ನು ನೋಡಿ. ಈಗ ಎತ್ತುತ್ತೇವೆ ಎಂದು ಮಗುವಿಗೆ ಹೇಳಿ. ಗಾಬರಿಯಾದರೆ ಮೈ ಸೆಟೆಯುತ್ತದೆ. ಹಾಸಿಗೆಯಿಂದ ನಾಲ್ಕು ಬೆರಳಷ್ಟು ಎತ್ತಿ ನಿಲ್ಲಿಸಿ, ಎರಡೂ ಕಡೆ ಸಮವಾಗಿದೆಯೇ, ತೊಡೆ ಜಾರುತ್ತಿದೆಯೇ ಪರೀಕ್ಷಿಸಿ, ಆಮೇಲೆ ಮುಂದೆ ಸಾಗಿ. ಕಲಿಯುವಾಗ ಇಬ್ಬರಿರಲಿ. ಉಪ್ಪುಗಾಳಿಗೆ ಬೋಲ್ಟುಗಳು ಬೇಗ ತುಕ್ಕು ಹಿಡಿಯುವುದರಿಂದ ಆಗಾಗ ಒರೆಸಿ, ಎಣ್ಣೆ ಹಾಕಿ.

ಜಗಲಿಗೆ ರಾಂಪ್ ಕಟ್ಟಿಸುವುದಾದರೆ ಒಂದಕ್ಕೆ ಹನ್ನೆರಡರ ಲೆಕ್ಕ, ಅಂದರೆ ಎತ್ತರದ ಹನ್ನೆರಡು ಪಟ್ಟು ಉದ್ದ: 15 ಸೆಂಟಿಮೀಟರ್‌ನ ಮೂರು ಮೆಟ್ಟಿಲಿಗೆ 5.4 ಮೀಟರ್ ಉದ್ದ. ಮಳೆಗಾಲದ ಪಾಚಿ ನೆನಪಿರಲಿ. ಮೇಲ್ಮೈ ಒರಟಾಗಿರಬೇಕು.

ಖರ್ಚಿನ ಚಿಂತೆಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ, ಮೊದಲ ದಾರಿ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ವೈದ್ಯಕೀಯ ತಪಾಸಣೆಗೆ ಸೂಚಿಸಿದ ಆಸ್ಪತ್ರೆಗೆ ಹೋಗಬೇಕು. ಶೇ 40 ಮತ್ತು ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿದ್ದು ಕುಟುಂಬದ ಆದಾಯ ಮಿತಿಯೊಳಗಿದ್ದರೆ ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಎಡಿಪ್ ಯೋಜನೆಯಲ್ಲಿ ಸಾಧನ ಸಿಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈ ಯೋಜನೆಯ ಶಿಬಿರದ ದಿನಾಂಕ ತಿಳಿಸುತ್ತಾರೆ. ಅಲ್ಲಿಗೆ ಕಾಗದಪತ್ರದ ಜೊತೆ ಮಗುವನ್ನೂ ಕರೆದೊಯ್ಯಿರಿ. ಕುರ್ಚಿಯ ಅಳತೆ ತೆಗೆಯುವುದು ಮಗುವನ್ನು ಕೂರಿಸಿಯೇ.