ಹಳ್ಳಿ ರೋಡು, ಘಾಟಿ, ಕಾಡಲ್ಲಿ ರಾತ್ರಿ ಗಾಡಿ ಓಡಿಸೋರು ಇದನ್ನ ಒಂದ್ಸಲ ಓದ್ಕೊಳ್ಳಿ

ಹೈವೇ ಬಿಟ್ಟು ಒಳಗಡೆ ರೋಡಿಗೆ ಇಳಿದ್ಮೇಲೆ ರಾತ್ರಿ ಹೊತ್ತು ಲೆಕ್ಕ ಒಂದೇ, ನಿಮ್ಮ ಲೈಟ್ ಎಷ್ಟು ದೂರ ಬೀಳತ್ತೋ ಅಷ್ಟರೊಳಗೆ ಗಾಡಿ ನಿಲ್ಬೇಕು. ಡಿಮ್ಮಲ್ಲಿ ನೆಟ್ಟಗೆ ಕಾಣೋದು ಹೆಚ್ಚು ಕಮ್ಮಿ 40-50 ಮೀಟರ್ ಅಷ್ಟೇ. 80ರಲ್ಲಿ ಹೋಗ್ತಿದ್ರೆ ಗಾಡಿ ಸೆಕೆಂಡಿಗೆ 22 ಮೀಟರ್ ಓಡತ್ತೆ, ಏನೋ ಕಾಣಿಸ್ತಲ್ಲ ಅಂತ ಕಾಲು ಬ್ರೇಕ್ ಮೇಲೆ ಹೋಗೋಷ್ಟರಲ್ಲೇ 30 ಮೀಟರ್ ಮುಗೀತು, ಆಮೇಲೆ ನಿಲ್ಲೋಕೆ ಇನ್ನೊಂದು 35 ಬೇಕು, ಅಷ್ಟರಲ್ಲಿ ಗುದ್ದಿ ಆಗಿರತ್ತೆ. 50ಕ್ಕೆ ಇಳಿಸಿದ್ರೆ ಒಟ್ಟು 35 ಮೀಟರಲ್ಲಿ ನಿಲ್ಲತ್ತೆ.

ಅಲ್ಲಿ ಎದುರಿಗೆ ಸಿಗೋದೆಲ್ಲ ಲೈಟ್ ಇಲ್ಲದ್ದೇ. ಕಬ್ಬಿನ ಸೀಸನ್ನಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಎರಡೆರಡು ಟ್ರೇಲರ್ ಕಟ್ಕೊಂಡು ಹೋಗೋ ಟ್ರ್ಯಾಕ್ಟರಿಗೆ ರಿಫ್ಲೆಕ್ಟರ್ ಇದ್ರೂ ಹಿಂದೆ ಜೋತಾಡೋ ಕಬ್ಬು ಅದನ್ನ ಮುಚ್ಚಿರತ್ತೆ. ಹಳೇ ಮೈಸೂರು ಕಡೆ ಸುಗ್ಗೀಲಿ ರಾಗಿ, ಹುರುಳಿ ರೋಡ್ ಮೇಲೇ ಹರಡ್ತಾರೆ, ಸಂಜೆ ಬೆಳೆ ಎತ್ಕೊಂಡು ಹೋಗ್ತಾರೆ, ಆದ್ರೆ ಸುತ್ತ ಇಟ್ಟಿದ್ದ ಕಲ್ಲು ಅಲ್ಲೇ ಬಿದ್ದಿರತ್ತೆ, ಬೈಕಿನೋರಿಗೆ ಅದೊಂದೇ ಸಾಕು. ಎಮ್ಮೆ ಅಂತೂ ಹತ್ತಿರ ಬರೋವರೆಗೂ ಕಾಣಲ್ಲ. ದೂರದಲ್ಲಿ ಊರಿನ ದೀಪ ಕಂಡ ತಕ್ಷಣ ಸ್ಲೋ ಮಾಡಿ, ಪೇಂಟ್ ಹೊಡೀದೇ ಇರೋ ಹಂಪ್ ಒಂದು ಇದ್ದೇ ಇರತ್ತೆ.

ರೋಡಲ್ಲಿ ಹಸಿ ಸೊಪ್ಪಿನ ಕೊಂಬೆ ಬಿದ್ದಿದ್ರೆ ಗಾಳಿಗೆ ಮುರಿದು ಬಿದ್ದಿದೆ ಅನ್ಕೋಬೇಡಿ, ಮುಂದೆ ತಿರುವಲ್ಲಿ ಲಾರಿ ಕೆಟ್ಟು ನಿಂತಿದೆ ಅಂತ ಡ್ರೈವರ್ ಇಟ್ಟಿರೋ ಗುರುತು ಇರಬಹುದು.

ಎದುರಿಂದ ಗಾಡಿ ಬಂದ್ರೆ ಡಿಮ್ ಮಾಡ್ಬೇಕು, ಇದು ರೂಲ್ಸೇ. ಅವನು ಮಾಡ್ಲಿಲ್ಲ ಅಂತ ನೀವೂ ಹೈ ಬೀಮ್ ಹಾಕಿದ್ರೆ ಇಬ್ಬರಿಗೂ ಕಣ್ಣು ಕಾಣಲ್ಲ, ಸ್ಪೀಡ್ ಇಳಿಸಿ ಎಡಗಡೆ ಬಿಳಿ ಗೆರೆ ಅಥವಾ ರೋಡಿನ ಅಂಚು ನೋಡ್ಕೊಂಡು ಹೋಗಿ. ಮುಂದಿರೋ ಲಾರಿಯವನು ಬಲಗಡೆ ಇಂಡಿಕೇಟರ್ ಹಾಕಿದ್ರೆ 'ಹೋಗು' ಅಂತಾನೂ ಇರಬಹುದು, ಅವನೇ ಬಲಕ್ಕೆ ತಿರುಗ್ತಿರಲೂಬಹುದು. ರೂಲ್ಸ್ ಪ್ರಕಾರ ಎರಡನೇದೇ ಸರಿ, ಅದಕ್ಕೇ ಮುಂದೆ ರೋಡು ಖಾಲಿ ಇದೆ ಅಂತ ನಿಮ್ಮ ಕಣ್ಣಿಗೇ ಕಾಣೋವರೆಗೂ ಓವರ್‌ಟೇಕ್ ಬೇಡ.

ಘಾಟಿಯಲ್ಲಿ ಎರಡು ಗಾಡಿಗೆ ಜಾಗ ಸಾಲದೇ ಇದ್ರೆ ಹತ್ತೋ ಗಾಡಿಗೆ ಮೊದಲು ದಾರಿ ಕೊಡ್ಬೇಕು, 2017ರ ಡ್ರೈವಿಂಗ್ ರೆಗ್ಯುಲೇಷನ್ಸಲ್ಲೂ ಇದೇ ಇದೆ. ಇಳಿಯೋವಾಗ ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಹಾಕೋರಿದ್ದಾರೆ, ಅದು ಶುದ್ಧ ಹುಚ್ಚುತನ, ಬ್ರೇಕ್ ಕಾದು ಹಿಡಿಯೋದೇ ಬಿಟ್ಬಿಡತ್ತೆ. ಸೆಕೆಂಡ್ ಗೇರಲ್ಲಿ ಇಳೀರಿ. ಚಾರ್ಮಾಡಿಯಲ್ಲಿ ಮಂಜು ಕವಿದಾಗ ಹೈ ಬೀಮ್ ಹಾಕಿದ್ರೆ ಬಿಳಿ ಗೋಡೆ ಬಿಟ್ಟು ಇನ್ನೇನೂ ಕಾಣಲ್ಲ, ಡಿಮ್ಮಲ್ಲೇ ಹೋಗಿ.

ಹೊರಡೋ ಮುಂಚೆ ರೋಡ್ ಓಪನ್ ಇದ್ಯಾ ನೋಡ್ಕೊಳ್ಳಿ, ಮ್ಯಾಪ್ ನಂಬ್ಕೊಂಡು ಹೊರಡ್ಬೇಡಿ. ಬಂಡೀಪುರದಲ್ಲಿ ಗುಂಡ್ಲುಪೇಟೆಯಿಂದ ಊಟಿ ಕಡೆಗೂ ಸುಲ್ತಾನ್ ಬತ್ತೇರಿ ಕಡೆಗೂ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟ್ ಹಾಕಿರ್ತಾರೆ, ಆಂಬುಲೆನ್ಸ್ ಮತ್ತೆ ಕೆಲವು ಬಸ್ ಮಾತ್ರ ಬಿಡ್ತಾರೆ. ಎಚ್.ಡಿ. ಕೋಟೆ ಮೇಲಿಂದ ಮಾನಂದವಾಡಿಗೆ ಹೋಗೋ ರೋಡು ಸಂಜೆ 6ಕ್ಕೇ ಬಂದ್, ಗೋಣಿಕೊಪ್ಪ-ಕುಟ್ಟ ಮೇಲೆ ಸುತ್ಕೊಂಡು ಹೋಗ್ಬೇಕು.

ಸಕಲೇಶಪುರ, ಕೊಡಗು ಕಡೆ ಆನೆ ಅಡ್ಡ ಬಂದ್ರೆ ಹಾರ್ನ್ ಬೇಡ, ಲೈಟ್ ಮಿಣಿಮಿಣಿ ಮಾಡೋದು ಬೇಡ, ವಿಡಿಯೋ ಅಂತೂ ಬೇಡ್ವೇ ಬೇಡ. ದೂರದಲ್ಲೇ ನಿಲ್ಸಿ, ನಿಮ್ಮ ಕಡೆ ತಿರುಗಿದ್ರೆ ಮೆಲ್ಲಗೆ ರಿವರ್ಸ್ ತಗೊಳ್ಳಿ. ಒಂದು ದಾಟಿತು ಅಂತ ಹೊರಡ್ಬೇಡಿ, ಹಿಂದೆ ಮರಿ ಇರತ್ತೆ.

ಗಾಡಿ ಕೆಟ್ರೆ ಪೂರ್ತಿ ಎಡಕ್ಕೆ ತಳ್ಳಿ, ಹಜಾರ್ಡ್ ಲೈಟ್ ಹಾಕಿ, ತ್ರಿಕೋನದ ರಿಫ್ಲೆಕ್ಟರನ್ನ ಒಂದು 50 ಮೀಟರ್ ಹಿಂದೆ ಇಡಿ, ತಿರುವಿದ್ರೆ ತಿರುವಿಗೂ ಹಿಂದೆ. ಒಳಗೆ ಕೂತಿರ್ಬೇಡಿ, ಎಲ್ಲರೂ ಇಳಿದು ರೋಡಿಂದ ಆಚೆ ನಿಲ್ಲಿ. ನ್ಯಾಷನಲ್ ಹೈವೇ ಆದ್ರೆ 1033, ಬೇರೆ ಕಡೆ 112.