ಲ್ಯಾಬ್‌ನಿಂದ ಪೇಟೆಂಟ್ ಡ್ರಾಫ್ಟಿಂಗ್‌ಗೆ: ನನ್ನ ಅನುಭವ

ಪೇಟೆಂಟ್ ಡ್ರಾಫ್ಟಿಂಗ್ ಅಂದರೆ ಆವಿಷ್ಕಾರಕ್ಕೆ ಪೇಟೆಂಟ್ ಕೋರುವ ಅರ್ಜಿಯನ್ನು ಬರೆಯುವ ಕೆಲಸ. ಇದಕ್ಕೆ ಎಲ್‌ಎಲ್‌ಬಿ ಬೇಕಾಗಿಲ್ಲ. ಪೇಟೆಂಟ್ ಕಚೇರಿಯ ಮುಂದೆ ಅರ್ಜಿದಾರರ ಪರ ನಡೆದುಕೊಳ್ಳುವ ಪೇಟೆಂಟ್ ಏಜೆಂಟ್ ಆಗಿ ನೋಂದಾಯಿಸಿಕೊಳ್ಳಲು 1970ರ ಪೇಟೆಂಟ್ ಕಾಯ್ದೆಯ 126ನೇ ಸೆಕ್ಷನ್ ಕೇಳುವುದು ಭಾರತದ ಪೌರತ್ವ, 21 ವರ್ಷ ವಯಸ್ಸು, ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ, ಜೊತೆಗೆ ಪೇಟೆಂಟ್ ಏಜೆಂಟ್ ಪರೀಕ್ಷೆಯಲ್ಲಿ ಪಾಸು. ಕೋರ್ಟಿನಲ್ಲಿ ವಾದಿಸುವುದಕ್ಕೆ ಮಾತ್ರ ವಕೀಲರೇ ಆಗಬೇಕು.

ಪರೀಕ್ಷೆಯಲ್ಲಿ ಕಾನೂನು 100, ಡ್ರಾಫ್ಟಿಂಗ್ 100, ವೈವಾ 50 ಅಂಕ. ಎರಡೂ ಪೇಪರಿನಲ್ಲಿ ತಲಾ 50 ಬರಬೇಕು, ಒಟ್ಟು ಕನಿಷ್ಠ 150 ಆಗಬೇಕು. ಹಳೆಯ ನೋಟ್ಸ್ ನೆಚ್ಚಿಕೊಳ್ಳಬೇಡಿ: ಅರ್ಜಿಯ ಪರಿಶೀಲನೆ ಕೋರುವ ಫಾರ್ಮ್ 18ರ ಗಡುವು ಅವುಗಳಲ್ಲಿ 48 ತಿಂಗಳೆಂದಿರುತ್ತದೆ, 2024ರ ತಿದ್ದುಪಡಿ ಅದನ್ನು 31ಕ್ಕೆ ಇಳಿಸಿದೆ. ಪರೀಕ್ಷೆ ಪ್ರತಿವರ್ಷ ನಡೆಯುವುದಿಲ್ಲ, ಹಾಗಾಗಿ ಅದಕ್ಕೆ ಕಾಯುತ್ತಾ ಕೂರದೆ ಯಾವುದಾದರೂ ಪೇಟೆಂಟ್ ಸಂಸ್ಥೆಯಲ್ಲಿ ಡ್ರಾಫ್ಟಿಂಗ್‌ಗೆ ಸೇರಿಕೊಳ್ಳಿ. ಏಜೆಂಟ್ ಒಬ್ಬರ ಕೈಕೆಳಗೆ ಕೆಲಸ ಮಾಡಲು ನೋಂದಣಿ ಬೇಕಿಲ್ಲ.

ಲ್ಯಾಬಿನಿಂದ ಬಂದವರು ಎಡವುವುದು ಕ್ಲೇಮ್, ಅಂದರೆ ಪೇಟೆಂಟಿನ ರಕ್ಷಣೆ ಎಲ್ಲಿಯವರೆಗೆ ಎಂದು ಗಡಿ ಹಾಕುವ ವಾಕ್ಯ, ಬರೆಯುವಾಗ. ಒಂದು ಕಿಣ್ವದ ಪ್ರಕ್ರಿಯೆ ಅಂದುಕೊಳ್ಳಿ. ಜರ್ನಲ್ ಪೇಪರಿನಲ್ಲಿ 'ಪಿಎಚ್ 6.8, 37 ಡಿಗ್ರಿ, 4 ಗಂಟೆ' ಎಂದು ನಿಖರವಾಗಿ ಬರೆಯುವುದೇ ಸರಿ. ಮೊದಲ ಕ್ಲೇಮಿನಲ್ಲೂ ಅದನ್ನೇ ಇಳಿಸಿದರೆ ಪ್ರತಿಸ್ಪರ್ಧಿ 42 ಡಿಗ್ರಿಯಲ್ಲಿ ನಡೆಸಿ ಆರಾಮಾಗಿ ಪಾರಾಗುತ್ತಾನೆ. ಮೊದಲ ಕ್ಲೇಮಿಗೆ '30ರಿಂದ 45 ಡಿಗ್ರಿ' ಹಾಕಿ, 37ನ್ನು ಅದರ ಕೆಳಗಿನ ಅವಲಂಬಿತ ಕ್ಲೇಮಿಗೆ, ಅಂದರೆ ಮೊದಲನೆಯದನ್ನೇ ಆಧರಿಸಿ ಅದನ್ನು ಇನ್ನಷ್ಟು ಕಿರಿದು ಮಾಡುವ ಕ್ಲೇಮಿಗೆ, ತಳ್ಳುತ್ತೇನೆ. ಆದರೆ ವ್ಯಾಪ್ತಿ ಹಿಗ್ಗಿಸಿದರೆ ಸಾಲದು, ಅದಕ್ಕೆ ಡೇಟಾ ಬೇಕು. 37ರಲ್ಲಿ ಮಾತ್ರ ಪ್ರಯೋಗವಾಗಿದ್ದರೆ, ಕ್ಲೇಮಿಗೆ ವಿವರಣೆಯ ಆಧಾರವಿಲ್ಲವೆಂದು ಪೇಟೆಂಟ್ ಕಚೇರಿಯ ಎಕ್ಸಾಮಿನರ್ ಆಕ್ಷೇಪ ಎತ್ತುತ್ತಾರೆ. ಅಷ್ಟೊತ್ತಿಗೆ ಹೊಸ ಫಲಿತಾಂಶ ತಂದು ಸ್ಪೆಸಿಫಿಕೇಶನ್‌ಗೆ, ಅಂದರೆ ಸಲ್ಲಿಸಿದ ವಿವರಣೆ ಮತ್ತು ಕ್ಲೇಮುಗಳ ದಾಖಲೆಗೆ, ಸೇರಿಸಲು 59ನೇ ಸೆಕ್ಷನ್ ಬಿಡುವುದಿಲ್ಲ. 'ಎರಡೂ ತುದಿಯಲ್ಲಿ ಓಡಿಸಿದ್ದೀರಾ? ಕಂಟ್ರೋಲ್ ಏನು?' ಎಂದು ಸಂಶೋಧಕರನ್ನು ಫೈಲಿಂಗ್‌ಗೆ ಮುಂಚೆಯೇ ಕೇಳಬೇಕು. ಬೆಂಚಿನಲ್ಲಿ ಕಳೆದ ವರ್ಷಗಳಿಗೆ ಇಲ್ಲಿ ಕಿಮ್ಮತ್ತಿದೆ.

ಫಾರ್ಮಾ ಕೇಸಿನಲ್ಲಿ ಕಾಯ್ದೆಯ 3(ಡಿ) ಸೆಕ್ಷನ್ ಇನ್ನೂ ಬಿಗಿ. ಗೊತ್ತಿರುವ ಔಷಧದ ಹೊಸ ಹರಳಿನ ರೂಪ ತಂದು, ಚೆನ್ನಾಗಿ ಕರಗುತ್ತದೆ ಎಂದರೆ ನಡೆಯದು. ಕ್ಯಾನ್ಸರ್ ಔಷಧ ಗ್ಲಿವೆಕ್‌ನ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ನೋಡಿದ್ದು ರೋಗ ಗುಣಪಡಿಸುವ ಸಾಮರ್ಥ್ಯ ಹೆಚ್ಚಿದೆಯೇ ಎಂಬುದನ್ನು.

ಪೇಟೆಂಟ್ ಹುಡುಕಾಟಕ್ಕೂ ಮುಂಚೆ ನಾನು ಕೇಳುವುದು ಥೀಸಿಸ್ ಬಗ್ಗೆ. ಯಾರು ಬೇಕಾದರೂ ಓದಬಹುದಾದ ಥೀಸಿಸ್ ಸಂಗ್ರಹ ಶೋಧಗಂಗಾದಲ್ಲಿ ಅದು ಏರಿದ್ದರೆ ಪೇಟೆಂಟಿಗೆ ಬೇಕಾದ ಹೊಸತನ ಹೋದಂತೆಯೇ. ಫೈಲಿಂಗ್‌ಗೆ ಮುಂಚೆ ಬಹಿರಂಗವಾದರೂ ಹೊಸತನ ಉಳಿಸುವ 31ನೇ ಸೆಕ್ಷನ್‌ನ 12 ತಿಂಗಳ ರಿಯಾಯಿತಿ ತೀರಾ ಕಿರಿದು, ಮಾಮೂಲಿ ಪ್ರಕಟಣೆಗೆ ಸಿಗುವುದಿಲ್ಲ. ಗೈಡ್‌ಗಳಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಪಾಡು.

ಅಭ್ಯಾಸಕ್ಕೆ ಪೇಟೆಂಟ್ ಕಚೇರಿಯ ಇನ್‌ಪಾಸ್ ತಾಣ ಸಾಕು, ಅದು ಉಚಿತ. ನಿಮ್ಮ ವಿಷಯದ್ದೇ ಒಂದು ಮಂಜೂರಾದ ಪೇಟೆಂಟ್ ತೆಗೆದು, ಕ್ಲೇಮುಗಳನ್ನು ನೋಡದೆ ವಿವರಣೆಯಷ್ಟೇ ಓದಿ ನೀವೇ ಕ್ಲೇಮ್ ಬರೆಯಿರಿ. ಆಮೇಲೆ ಹೋಲಿಸಿ. ಅದೇ ಫೈಲಿನಲ್ಲಿ ಮೊದಲ ಪರಿಶೀಲನಾ ವರದಿಯೂ ಅದಕ್ಕೆ ಕೊಟ್ಟ ಉತ್ತರವೂ ಇರುತ್ತವೆ. ಯಾವ ಪದ ಉಳಿಯಿತು, ಯಾವುದು ಕಿರಿದಾಯಿತು ಎಂದು ಸಾಲುಸಾಲಾಗಿ ಗುರುತು ಹಾಕಿಕೊಳ್ಳಿ. ಸಂದರ್ಶನಕ್ಕೆ ಹೋಗುವಾಗ ಇಂಥ ಎರಡು ಮೂರು ಡ್ರಾಫ್ಟ್ ಕೈಯಲ್ಲಿರಲಿ, ಪ್ರಕಟಣೆಗಳ ಪಟ್ಟಿಗಿಂತ ಮೊದಲು ಅವನ್ನೇ ಮುಂದಿಡಿ.